ಗೋಬರ್ ಗ್ಯಾಸಿನಲ್ಲಿ ಡೀಸೆಲ್ ಪಂಪು: ನನ್ನ ಅನುಭವ

ನಮ್ಮ ತೋಟ ಸಿರ್ಸಿಯಿಂದ ಸ್ವಲ್ಪ ಒಳಗಿದೆ. ಮಾರ್ಚ್ ಬಂತೆಂದರೆ ಅಡಿಕೆಗೆ ನೀರು ಬೇಕೇ ಬೇಕು, ಅದೇ ಹೊತ್ತಿಗೆ ಕರೆಂಟ್ ಕೈಕೊಡುತ್ತದೆ. ಅದಕ್ಕೇ 5 ಹಾರ್ಸ್‌ಪವರಿನ ಹಳೇ ಡೀಸೆಲ್ ಪಂಪನ್ನು ಮಾರದೆ ಇಟ್ಟುಕೊಂಡಿದ್ದೆ. ಕೊಟ್ಟಿಗೆಯಲ್ಲಿ 12 ದನಗಳಿವೆ. ಅಪ್ಪ ಕಟ್ಟಿಸಿದ ಕಬ್ಬಿಣದ ಡ್ರಮ್ಮಿನ ಗೋಬರ್ ಗ್ಯಾಸ್ ಇದೆ. ಒಲೆಗೆ ಉರಿದು ಮಿಕ್ಕ ಗ್ಯಾಸು ಡ್ರಮ್ಮಿನ ಅಂಚಿನಲ್ಲಿ ಗುಳುಗುಳು ಎಂದು ಹೊರಗೆ ಹೋಗುವುದನ್ನು ನೋಡಿದರೆ ಸಂಕಟವಾಗುತ್ತಿತ್ತು.

ಕುಣಿಗಲ್ ತಾಲ್ಲೂಕಿನ ಪುರ ಎಂಬ ಊರಲ್ಲಿ 1987ರಲ್ಲೇ ಬೆಂಗಳೂರಿನ ವಿಜ್ಞಾನ ಸಂಸ್ಥೆಯಾದ ಐಐಎಸ್‌ಸಿಯವರು ಸಗಣಿ ಗ್ಯಾಸಿನಿಂದ ಎಂಜಿನ್ ಓಡಿಸಿ ನೀರು, ದೀಪ ಎರಡನ್ನೂ ಕೊಟ್ಟಿದ್ದರು. ಅದನ್ನು ಓದಿದ ಮೇಲೆ ನನಗೂ ಧೈರ್ಯ ಬಂತು.

ಮೊದಲು ಲೆಕ್ಕ ಹಾಕಿದೆ. ದನಕ್ಕೆ ದಿನಕ್ಕೆ 10 ಕಿಲೋ ಸಗಣಿ. 25 ಕಿಲೋ ಸಗಣಿಗೆ ಸುಮಾರು 1 ಘನ ಮೀಟರ್ ಗ್ಯಾಸ್. ಅಂದರೆ ನಮ್ಮಲ್ಲಿ ದಿನಕ್ಕೆ ಐದರ ಹತ್ತಿರ. ಎಂಜಿನ್ನಿಗೆ ಹಾರ್ಸ್‌ಪವರಿಗೆ ಗಂಟೆಗೆ 0.45 ಘನ ಮೀಟರ್ ಬೇಕು, ಒಟ್ಟು ಎರಡೂಕಾಲು. ಅಡುಗೆಗೆ ಬಿಟ್ಟು ದಿನಕ್ಕೆ ಒಂದು ಗಂಟೆ ಪಂಪು ಓಡುತ್ತದೆ. ಇದಕ್ಕಿಂತ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ.

ಜೋಡಿಸುವುದು ಸುಲಭ. ಏರ್ ಫಿಲ್ಟರ್ ಮತ್ತು ಎಂಜಿನ್ ನಡುವೆ ಒಂದು ಟೀ (T ಆಕಾರದ ಪೈಪ್ ತುಂಡು) ಹಾಕಿ, ಪಕ್ಕದಿಂದ ವಾಲ್ವ್ ಇಟ್ಟು ಗ್ಯಾಸ್ ಕೊಡಬೇಕು. ಡೀಸೆಲ್ ಪೂರ್ತಿ ನಿಲ್ಲಿಸಲು ಆಗೋದಿಲ್ಲ. ಈ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ, ಸಗಣಿ ಗ್ಯಾಸಿನಲ್ಲಿ ಉರಿಯುವ ಮೀಥೇನ್ ಬರೀ ಒತ್ತಡದ ಬಿಸಿಗೆ ಹೊತ್ತಿಕೊಳ್ಳೋದಿಲ್ಲ. ಸ್ವಲ್ಪ ಡೀಸೆಲ್ ಹೊತ್ತಿಕೊಂಡು ಅದನ್ನು ಹೊತ್ತಿಸಬೇಕು. ಡೀಸೆಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ವಾಲ್ವನ್ನು ಮೆಲ್ಲಗೆ ತಿರುಗಿಸುತ್ತೇನೆ. ಎಂಜಿನ್ನಿನ ವೇಗ ಹಿಡಿದಿಡುವ ಗವರ್ನರ್ ತಾನೇ ಡೀಸೆಲ್ ಕಡಿಮೆ ಮಾಡುತ್ತದೆ. ಗ್ಯಾಸ್ ಜಾಸ್ತಿಯಾದರೆ ಗಾಳಿ ಸಾಲದೆ ಎಂಜಿನ್ ಮುಗ್ಗರಿಸುತ್ತದೆ. ಆಗ ಒಂಚೂರು ಹಿಂದೆ ತಿರುಗಿಸಿದರೆ ಸಾಕು. ಬಾಟ್ಲಿ ಇಟ್ಟು ಅಳೆದೆ: ಗಂಟೆಗೆ 1 ಲೀಟರ್ ಕುಡಿಯುತ್ತಿದ್ದದ್ದು 350 ಮಿಲಿಗೆ ಇಳಿದಿತ್ತು. ಆ ದಿನ ಆದ ಖುಷಿ ಹೇಳತೀರದು.

ಆದರೆ ಎರಡನೇ ಬೇಸಿಗೆಯಲ್ಲಿ ಎಂಜಿನ್ ಒಳಗೆ ಟಕಟಕ ಸದ್ದು ಶುರುವಾಯಿತು. ಬಿಚ್ಚಿದ ಮೆಕ್ಯಾನಿಕ್ ಒಳಗಿನ ಹಿತ್ತಾಳೆ ಬಳೆಯನ್ನು (ಬುಶ್) ಕೈಯಲ್ಲಿ ಹಿಡಿದು, “ಭಟ್ರೇ, ಇದು ಸವೆದದ್ದಲ್ಲ, ಏನೋ ತಿಂದಿದೆ” ಎಂದ. ಹಿತ್ತಾಳೆ ಕಪ್ಪಾಗಿತ್ತು. ಆಯಿಲ್ ಕೂಡ ಟಾರಿನಂತಾಗಿತ್ತು. ಸಗಣಿ ಗ್ಯಾಸಿನ ಕೊಳೆತ ಮೊಟ್ಟೆ ವಾಸನೆ ಇದೆಯಲ್ಲ, ಆ ಹೈಡ್ರೋಜನ್ ಸಲ್ಫೈಡ್ ಮಾಡಿದ ಕೆಲಸ ಅದು. ಉರಿದ ಮೇಲೆ ನೀರಿನ ಪಸೆ ಸೇರಿ ಆಸಿಡ್ ಆಗುತ್ತದೆ. ನಾನು ಎಂಜಿನ್ ಬಗ್ಗೆ ಮಾತ್ರ ಯೋಚಿಸಿದ್ದೆ, ಗ್ಯಾಸ್ ತೊಳೆಯುವ ವಿಚಾರವನ್ನೇ ಬಿಟ್ಟಿದ್ದೆ.

ಈಗ ಗ್ಯಾಸ್ ತೊಳೆಯಲು ಇಟ್ಟ ಎರಡು ಅಡಿ ಎತ್ತರದ ಆರಿಂಚಿನ ಪಿವಿಸಿ ಪೈಪಿನ ತುಂಬ ಲೇತ್ ಅಂಗಡಿಯಿಂದ ತಂದ ಕಬ್ಬಿಣದ ಸುರುಳಿ ಚೂರು ಇದೆ. ನೀರು ಚಿಮುಕಿಸಿ ಎರಡು ವಾರ ಚೆನ್ನಾಗಿ ತುಕ್ಕು ಹಿಡಿಸಿ ತುಂಬಿದ್ದು. ಗ್ಯಾಸ್ ಕೆಳಗಿಂದ ಹೋಗಿ ಮೇಲಿಂದ ಬರುತ್ತದೆ, ಗಂಧಕ ತುಕ್ಕಿನಲ್ಲೇ ಉಳಿಯುತ್ತದೆ. ಹೊರಬರುವ ಕಡೆ ಉಜ್ಜಿದ ತಾಮ್ರದ ತಂತಿ ಕಟ್ಟಿದ್ದೇನೆ. ಅದು ಕಪ್ಪಾದರೆ ತುಕ್ಕು ಗಂಧಕ ಹಿಡಿಯುತ್ತಿಲ್ಲ ಎಂದರ್ಥ, ಆಗ ಕಬ್ಬಿಣದ ಚೂರನ್ನು ಹೊರಗೆ ತೆಗೆದು ಗಾಳಿಗೆ ಹರಡಬೇಕು. ಮತ್ತೆ ಕೆಂಪಾಗುತ್ತದೆ. ಇಲ್ಲಿ ಒಂದು ಎಚ್ಚರಿಕೆ: ಗಾಳಿ ತಾಗಿದಾಗ ಅದು ತಾನೇ ಬಿಸಿಯೇರುತ್ತದೆ. ಅಡಿಕೆ ಹಾಳೆ, ಒಣಹುಲ್ಲಿನ ಹತ್ತಿರ ರಾಶಿ ಹಾಕಲೇಬೇಡಿ. ನಾನು ಬರೀ ಕಲ್ಲಿನ ಮೇಲೆ ತೆಳ್ಳಗೆ ಹರಡಿ ನೀರು ಚಿಮುಕಿಸುತ್ತೇನೆ. ವಾಸನೆ ನೋಡಿ ಗ್ಯಾಸ್ ಪರೀಕ್ಷೆ ಮಾಡುವುದೂ ಬೇಡ. ಈ ವಿಷ ಜಾಸ್ತಿಯಾದರೆ ಮೂಗಿಗೆ ವಾಸನೆಯೇ ತಿಳಿಯದಂತಾಗುತ್ತದೆ.

ಪೈಪಿನ ತಗ್ಗಿನಲ್ಲಿ ನೀರು ಇಳಿಸಲು ಒಂದು ನಲ್ಲಿ ಇದೆ. ನಿಲ್ಲಿಸುವಾಗ ಮೊದಲು ಗ್ಯಾಸ್ ಬಂದ್ ಮಾಡಿ, ಐದು ನಿಮಿಷ ಬರೀ ಡೀಸೆಲಿನಲ್ಲಿ ಓಡಿಸುತ್ತೇನೆ. ಆಯಿಲನ್ನೂ ಮೊದಲಿಗಿಂತ ಬೇಗ ಬದಲಿಸುತ್ತೇನೆ.

ನಮ್ಮ ಕಡೆಯ ಮಳೆಗಾಲದ ಚಳಿಗೆ ಗ್ಯಾಸ್ ತುಂಬಾ ಇಳಿಯುತ್ತದೆ. ಆಗ ತೋಟಕ್ಕೆ ನೀರೂ ಬೇಡ, ಇದ್ದಷ್ಟು ಗ್ಯಾಸ್ ಒಲೆಗೆ. ಬಿಸಿಲು ಬಂದಾಗ ಸಗಣಿ ಚೆನ್ನಾಗಿ ಕೊಳೆಯುತ್ತದೆ, ಡ್ರಮ್ ಎತ್ತರಕ್ಕೆ ಏರುತ್ತದೆ. ತೋಟ ನೀರು ಕೇಳುವುದೂ ಅದೇ ತಿಂಗಳುಗಳಲ್ಲಿ.