ಮಲ್ಪೆಯಿಂದ ಕಾಪುವಿಗೆ ಸೈಕಲ್‌ನಲ್ಲಿ ಹೋಗುವವರಿಗೆ

ಉಡುಪಿ ಕಡೆ ಆರಾಮಾಗಿ ಸೈಕಲ್ ತುಳಿಯಬೇಕು ಅನ್ನುವವರು ಹೆದ್ದಾರಿ 66ರ ಆಸೆ ಬಿಡಿ. ಮಲ್ಪೆಯಲ್ಲಿ ಸೇತುವೆ ದಾಟಿ ಪಡುಕೆರೆಗೆ ಬನ್ನಿ, ಅಲ್ಲಿಂದ ಮಟ್ಟು ಊರಿನ ಮೂಲಕ ಕಾಪು. ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ. ಏರು ಅಂತ ಹೇಳುವಂಥದ್ದು ಇಲ್ಲ. ರಸ್ತೆ ಮಾತ್ರ ಕಿರಿದು, ಬೆಲ್ ಸರಿ ಇರಲಿ.

ಬೆಳಿಗ್ಗೆ ಬೇಗ ಹೊರಡಿ. ಬೇಸಿಗೆಯಲ್ಲಿ ಮಧ್ಯಾಹ್ನ ಕಳೆದ ಮೇಲೆ ವಾಯವ್ಯದಿಂದ ಕಡಲ ಗಾಳಿ ಬೀಸುತ್ತದೆ. ಕಾಪುವಿಗೆ ಹೋಗುವಾಗ ಅದು ಬೆನ್ನಿಗೆ, ಖುಷಿಯೇ. ವಾಪಸ್ ಬರುವಾಗ ಎದುರಿಗೆ! ಆಗ ಹಟ ಮಾಡಬೇಡಿ, ಗಿಯರ್ ಇಳಿಸಿ ಸುಮ್ನೆ ತುಳಿಯಿರಿ. ಮಟ್ಟುಗುಳ್ಳದ (ಮಟ್ಟುವಿನಲ್ಲಿ ಬೆಳೆಯುವ ಬದನೆಕಾಯಿ) ಸಮಯವಾದರೆ ಬ್ಯಾಗಿನಲ್ಲಿ ಸ್ವಲ್ಪ ಜಾಗ ಇರಲಿ.

ಉಪ್ಪುಗಾಳಿಗೆ ಚೈನ್ ಬೇಗ ತುಕ್ಕು ಹಿಡಿಯುತ್ತದೆ. ಮನೆಗೆ ಬಂದ ಕೂಡಲೇ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಚೈನ್ ಎಣ್ಣೆ ಬಿಡಿ. ತೆಂಗಿನೆಣ್ಣೆ ಬೇಡ ಮಾರಾಯ್ರೆ, ಹೊಯಿಗೆ (ಮರಳು) ಎಲ್ಲ ಅಂಟಿಕೊಳ್ಳುತ್ತದೆ.