ಕಿಡಿಗೇಡಿಗಳ ಕೈಗೆ ಸಿಕ್ಕ ಕಾರು: ಟೈಲ್‌ಕಾಸ್ಕೊ ಎಷ್ಟು ಕೊಟ್ಟಿತು?

ಜರ್ಮನಿಯಲ್ಲಿ ಕಾರು ಇಟ್ಟುಕೊಂಡವರಿಗೆ ಇಲ್ಲಿನ ಇನ್ಶೂರೆನ್ಸ್ ಲೆಕ್ಕ ಗೊತ್ತಿರುತ್ತದೆ. ನಮ್ಮಿಂದ ಬೇರೆಯವರಿಗಾದ ಹಾನಿಗೆ ಹಾಫ್ಟ್‌ಫ್ಲಿಷ್ಟ್. ಅದು ಕಡ್ಡಾಯ. ಅದರ ಮೇಲೆ ನಮ್ಮ ಕಾರಿಗೇ ಆದ ಹಾನಿಗೆ ಟೈಲ್‌ಕಾಸ್ಕೊ (ಭಾಗಶಃ ವಿಮೆ) ಅಥವಾ ಫೋಲ್‌ಕಾಸ್ಕೊ (ಪೂರ್ಣ ವಿಮೆ), ಅದು ನಮ್ಮಿಷ್ಟ. ನನ್ನದು ಹಳೇ ಕಾರು, ಟೈಲ್‌ಕಾಸ್ಕೊ ಮಾತ್ರ ಇತ್ತು. ಒಂದು ರಾತ್ರಿ ರಸ್ತೆ ಬದಿ ನಿಲ್ಲಿಸಿದ್ದಾಗ ಯಾರೋ ಅದರ ಮೇಲೆ ಸಿಟ್ಟು ತೀರಿಸಿಕೊಂಡಿದ್ದರು. ಬಾಗಿಲುಗಳ ಮೇಲೆ ಉದ್ದಕ್ಕೆ ಗೀರು, ಹಿಂದಿನ ಕಿಟಕಿ ಗಾಜು ಪುಡಿ, ವೈಪರ್ ಮುರಿದಿತ್ತು.

‘ಟೈಲ್‌ಕಾಸ್ಕೊದಲ್ಲಿ ಇದಕ್ಕೆಲ್ಲ ದುಡ್ಡು ಬರಲ್ಲ ಬಿಡಿ’ ಅಂದರು ಆಫೀಸಿನವರು. ಅದು ಅರ್ಧ ನಿಜ. ಟೈಲ್‌ಕಾಸ್ಕೊ ನೋಡುವುದು ಹಾನಿಯ ಕಾರಣವನ್ನು. ಕಳವು, ಬೆಂಕಿ, ಬಿರುಗಾಳಿ, ಆಲಿಕಲ್ಲು, ಪ್ರವಾಹ, ಅಡ್ಡ ಬಂದ ಕಾಡುಪ್ರಾಣಿ, ಗಾಜು ಒಡೆದದ್ದು, ಇಷ್ಟು ಪಟ್ಟಿಯಲ್ಲಿರುತ್ತವೆ. ಬೇಕಂತಲೇ ಮಾಡಿದ ಹಾನಿ ಅದರಲ್ಲಿಲ್ಲ, ಅದು ಫೋಲ್‌ಕಾಸ್ಕೊದ ಪಾಲು. ಆದರೆ ಗಾಜಿನ ವಿಷಯದಲ್ಲಿ ಯಾರು ಒಡೆದರು ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಿ ಎಲ್ಲವನ್ನೂ ಸೇರಿಸಿ ‘ಕಾರು ಹಾಳು ಮಾಡಿದ್ದಾರೆ’ ಅಂತ ಬರೆಯುವ ಬದಲು ಪ್ರತಿಯೊಂದು ಹಾನಿಯನ್ನೂ ಬೇರೆ ಬೇರೆಯಾಗಿ ಬರೆದೆ.

ಏನನ್ನೂ ಮುಟ್ಟುವ ಮೊದಲು ಫೋಟೊ ತೆಗೆದೆ. ನಂಬರ್ ಪ್ಲೇಟ್ ಕಾಣುವ ಹಾಗೆ, ಸುತ್ತಲಿನ ಜಾಗವೂ ಕಾಣುವ ಹಾಗೆ. ಆಮೇಲೆ ಪೊಲೀಸರ ಆನ್‌ಲೈನ್ ಠಾಣೆಯಲ್ಲಿ ದೂರು ಕೊಟ್ಟೆ. ಬೇರೆಯವರ ವಸ್ತು ಹಾಳು ಮಾಡುವುದು ಇಲ್ಲಿನ ದಂಡ ಸಂಹಿತೆಯ 303ನೇ ಕಲಮಿನ ಅಪರಾಧ. ಕೇಸ್ ನಂಬರ್ ಸಿಕ್ಕಿದ ಮೇಲೆ ಇನ್ಶೂರೆನ್ಸ್‌ಗೆ ಫೋನ್ ಮಾಡಿದೆ. ಸಾಮಾನ್ಯವಾಗಿ ಒಂದು ವಾರದೊಳಗೆ ತಿಳಿಸಬೇಕು. ಗಾಜು ಹಾಕಿಸುವ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು, ಯಾಕಂದ್ರೆ ಕೆಲವು ಪಾಲಿಸಿಗಳಲ್ಲಿ ಅವರು ಹೇಳಿದ ಗ್ಯಾರೇಜಿಗೇ ಹೋಗಬೇಕು.

‘ಏನಾದರೂ ಕಳವಾಗಿದೆಯಾ?’ ಇದು ಅವರು ಕೇಳಿದ ಮೊದಲ ಪ್ರಶ್ನೆ. ಸುಮ್ನೆ ಕೇಳಿದ್ದಲ್ಲ. ಕಾರಿನಲ್ಲೇ ಕೂರಿಸಿದ್ದ ನ್ಯಾವಿಗೇಷನ್ ಅಥವಾ ಏರ್‌ಬ್ಯಾಗ್ ಕಿತ್ತುಕೊಂಡು ಹೋಗಿದ್ದರೆ ಅದು ಕಳವು, ಟೈಲ್‌ಕಾಸ್ಕೊಗೆ ಸೇರುತ್ತದೆ. ನನ್ನ ಕಾರಿನಿಂದ ಏನೂ ಹೋಗಿರಲಿಲ್ಲ. ಬೆಂಕಿಯ ಕಥೆಯೂ ಹೀಗೇ. ಬೆರ್ಲಿನ್‌ನಲ್ಲಿ ನಿಲ್ಲಿಸಿದ ಕಾರುಗಳಿಗೆ ಬೆಂಕಿ ಹಚ್ಚಿದ ಸುದ್ದಿ ಆಗಾಗ ಬರುತ್ತದಲ್ವಾ, ಅಂಥ ಕಾರಿಗೂ ಟೈಲ್‌ಕಾಸ್ಕೊ ಹಣ ಕೊಡುತ್ತದೆ. ಕಾರು ಸುಟ್ಟರೆ ಪರಿಹಾರ ಇದೆ, ಗೀಚಿದರೆ ಇಲ್ಲ. ವಿಚಿತ್ರ, ಆದರೆ ನಿಯಮ ಹಾಗಿದೆ.

ಕೊನೆಗೆ ಗಾಜಿನ ಖರ್ಚಿನಲ್ಲಿ 150 ಯೂರೊ ನನ್ನ ಪಾಲು, ಉಳಿದದ್ದು ಅವರದು. ಟೈಲ್‌ಕಾಸ್ಕೊ ಕ್ಲೇಮ್ ಮಾಡಿದರೆ ನಮ್ಮ ಬೋನಸ್ ದರ್ಜೆ (ಕ್ಲೇಮ್ ಇಲ್ಲದ ವರ್ಷಗಳಿಗೆ ಸಿಗುವ ರಿಯಾಯಿತಿಯ ಮಟ್ಟ) ಇಳಿಯುವುದಿಲ್ಲ, ಪ್ರೀಮಿಯಂ ಅದರಿಂದ ಏರುವುದಿಲ್ಲ. ಗೀರು ಮತ್ತು ವೈಪರ್ ನನ್ನ ಜೇಬಿಗೇ ಬಿತ್ತು. ವೈಪರ್ ಹೊಸದು ಹಾಕಿಸಿದೆ, ಗೀರಿಗೆ ಪಾಲಿಶ್ ಹೊಡೆಸಿ ಬಿಟ್ಟೆ.

ಫೋಲ್‌ಕಾಸ್ಕೊ ಇದ್ದಿದ್ದರೆ? ನನ್ನ ಸಹೋದ್ಯೋಗಿಗೆ ಅದಿತ್ತು, ಅವರ ಕಾರಿನ ಮೇಲೂ ಯಾರೋ ಗೀಚಿದ್ದರು. ಫೋಲ್‌ಕಾಸ್ಕೊ ಕ್ಲೇಮ್ ಆದರೆ ದರ್ಜೆ ಇಳಿದು ಮುಂದಿನ ವರ್ಷಗಳ ಪ್ರೀಮಿಯಂ ಜಾಸ್ತಿಯಾಗುತ್ತದೆ. ಅದಕ್ಕೆ ತಾವೇ ಕಟ್ಟಬೇಕಾದ ಪಾಲನ್ನೂ ಸೇರಿಸಿ ನೋಡಿದಾಗ ಕೈಯಿಂದಲೇ ದುಡ್ಡು ಹಾಕಿ ಪೇಂಟ್ ಮಾಡಿಸುವುದು ಅಗ್ಗ ಅನ್ನಿಸಿತು, ಹಾಗೇ ಮಾಡಿಸಿದರು. ಕಾರು ಹೊಸದಾಗಿದ್ದರೆ ನಾನು ಫೋಲ್‌ಕಾಸ್ಕೊ ಬಿಡುವುದಿಲ್ಲ. ಈ ಹಳೇ ಕಾರಿಗೆ ಟೈಲ್‌ಕಾಸ್ಕೊವನ್ನೇ ಮುಂದುವರಿಸಿದ್ದೇನೆ.