ಕಣ್ಣು ನಡುವಿಗೆ ಬರುವವರೆಗೆ ಸೂಜಿ ಬೇಡ

ನಾನು ಶಿರಸಿಯಲ್ಲಿ ಅರಿವಳಿಕೆ ಕೊಡುವ ವೈದ್ಯೆ. ಈ ಕೆಲಸ ಶುರು ಮಾಡಿದ ಹೊಸತು. ನಾಲ್ಕು ವರ್ಷದ ಹುಡುಗನೊಬ್ಬ ಹರ್ನಿಯಾ ಆಪರೇಷನ್ನಿಗೆ ಬಂದಿದ್ದ. ಸೂಜಿ ಕಂಡರೆ ಸಾಕು, ಕೂಗಾಟ. ಹಾಗಾಗಿ ಮೊದಲು ಮಾಸ್ಕ್ ಹಿಡಿದು ಸೆವೊಫ್ಲೂರೇನ್ ಎಂಬ ಅರಿವಳಿಕೆ ಗ್ಯಾಸ್ ಕೊಟ್ಟು ಮಲಗಿಸೋಣ, ಡ್ರಿಪ್ ಸೂಜಿ ಆಮೇಲೆ ಹಾಕೋಣ ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಕೈಕಾಲು ಸಡಿಲವಾಯಿತು. ರೆಪ್ಪೆಕೂದಲು ಮುಟ್ಟಿದರೂ ಕಣ್ಣು ಮಿಟುಕಲಿಲ್ಲ. ಸರ್ಜನ್ ಕೈ ತೊಳೆದು ನಿಂತಿದ್ದರು, ಹೊರಗೆ ಇನ್ನೂ ಮೂರು ಕೇಸು. “ಹಾಕಿ ಸಿಸ್ಟರ್” ಅಂದೆ.

ಸೂಜಿ ಚುಚ್ಚಿದ್ದೇ ತಡ, ಹುಡುಗನ ಗಂಟಲು ಬಿಗಿದುಕೊಂಡಿತು. ಎದೆ ಒಳಕ್ಕೆ ಸೆಳೆಯುತ್ತಿದೆ, ಉಸಿರಿನ ಸದ್ದಿಲ್ಲ, ಕೈಯಲ್ಲಿದ್ದ ಉಸಿರಿನ ಬ್ಯಾಗ್ ಅಲುಗುತ್ತಿಲ್ಲ. ಲ್ಯಾರಿಂಗೋಸ್ಪಾಸಂ, ಅಂದರೆ ಧ್ವನಿಪೆಟ್ಟಿಗೆ ಬಿಗಿದು ಉಸಿರುದಾರಿ ಮುಚ್ಚಿಕೊಳ್ಳುವುದು. ಪೂರ್ತಿ ಆಕ್ಸಿಜನ್ ಬಿಟ್ಟೆ, ದವಡೆ ಮುಂದಕ್ಕೆ ಎತ್ತಿ ಮಾಸ್ಕ್ ಒತ್ತಿ ಹಿಡಿದೆ. ಆಕ್ಸಿಜನ್ ಮಟ್ಟ ಇಳಿಯುತ್ತಾ 72 ಪರ್ಸೆಂಟಿಗೆ ಬಂತು. ಆಮೇಲೆ ಗಂಟಲು ಬಿಟ್ಟುಕೊಂಡಿತು. ಹುಡುಗ ಆರಾಮಾಗಿಯೇ ಮನೆಗೆ ಹೋದ. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ.

ಅವತ್ತು ರೆಪ್ಪೆ ಎತ್ತಿ ನೋಡಿದ್ದರೆ ಗೊತ್ತಾಗುತ್ತಿತ್ತು. ರೆಪ್ಪೆ ಮಿಟುಕದಿದ್ದರೆ ಎಚ್ಚರ ತಪ್ಪಿದೆ ಅಂತ ಅಷ್ಟೇ. ಅಲ್ಲಿಂದ ಮುಂದೆ ಒಂದು ಅಪಾಯದ ಹಂತ ಇದೆ. ಉಸಿರು ಏರುಪೇರಾಗುತ್ತದೆ. ಕಣ್ಣುಗುಡ್ಡೆ ಮೇಲಕ್ಕೆ ಹೋಗಿರುತ್ತದೆ, ಇಲ್ಲವೇ ಎರಡು ಕಣ್ಣು ಎರಡು ದಿಕ್ಕಿಗೆ ತಿರುಗಿರುತ್ತವೆ, ಸುಮ್ನೆ ತೇಲಾಡುತ್ತಿರುತ್ತವೆ. ಪಾಪೆ ದೊಡ್ಡದಾಗಿರುತ್ತದೆ. ಆ ಹೊತ್ತಿನಲ್ಲಿ ಮಗುವನ್ನು ನೋಯಿಸಿದರೆ ಗಂಟಲು ಮುಚ್ಚಿಕೊಳ್ಳಬಹುದು. ಇನ್ನೂ ಆಳಕ್ಕೆ ಹೋದಾಗ ಗುಡ್ಡೆ ನಡುವಿಗೆ ಬಂದು ನಿಲ್ಲುತ್ತದೆ, ಪಾಪೆ ಚಿಕ್ಕದಾಗುತ್ತದೆ, ಉಸಿರು ಒಂದೇ ಸಮ ಆಡುತ್ತದೆ. ಸೂಜಿಗೆ ಆಗ ಹೊತ್ತು.

ಇದು ಹೊಸ ವಿದ್ಯೆ ಏನಲ್ಲ. ಮೊದಲ ಮಹಾಯುದ್ಧದಲ್ಲಿ ಆರ್ಥರ್ ಗ್ಯೂಡೆಲ್ ಎಂಬ ಅಮೆರಿಕದ ವೈದ್ಯರು ಫ್ರಾನ್ಸಿನಲ್ಲಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಮೋಟಾರ್ ಸೈಕಲ್ಲಿನಲ್ಲಿ ಓಡಾಡುತ್ತಿದ್ದರು. ಈಥರ್ ಎಂಬ ಆಗಿನ ಅರಿವಳಿಕೆ ಕೊಡಲು ಹೊಸದಾಗಿ ಕಲಿಯುತ್ತಿದ್ದವರಿಗೆ ಅವರು ಉಸಿರು, ಕಣ್ಣುಗುಡ್ಡೆ, ಪಾಪೆ ನೋಡಿ ಆಳ ಅಳೆಯುವುದನ್ನು ಕಲಿಸಿದರು. ಈಗ ಈಥರ್ ಇಲ್ಲ. ಆದರೂ ಮಾಸ್ಕಿನಲ್ಲಿ ಮಲಗುವ ಮಕ್ಕಳ ಕಣ್ಣು ಇವತ್ತಿಗೂ ಹೆಚ್ಚುಕಡಿಮೆ ಅದೇ ದಾರಿಯಲ್ಲಿ ಹೋಗುತ್ತದೆ. ದೊಡ್ಡವರಿಗೆ ಡ್ರಿಪ್ಪಿನಲ್ಲಿ ಪ್ರೊಪೊಫಾಲ್ ಎಂಬ ಮಲಗಿಸುವ ಔಷಧ ಕೊಟ್ಟರೆ ಈ ಹಂತಗಳು ಕಣ್ಣಿಗೆ ಬೀಳುವ ಮೊದಲೇ ದಾಟಿ ಹೋಗುತ್ತವೆ.

ಈಗ ಮಗುವನ್ನು ತಾಯಿಯ ತೊಡೆಯ ಮೇಲೆಯೇ ಕೂರಿಸಿಕೊಂಡು ಮಾಸ್ಕ್ ಹಿಡಿಯುತ್ತೇನೆ. ಒಮ್ಮೆ ಹೀಗೆ ಮಾಡುವಾಗ ಜೊತೆಗಿದ್ದ ಅಜ್ಜಿ ಬೆಚ್ಚಿಬಿದ್ದು, “ಎಂತ ಆತೇ ತಂಗಿ, ಮಾಣಿ ಕಣ್ಣು ಮೇಲೆ ಹೋತಲೇ!” ಅಂದರು. ಅವರನ್ನು ಸಮಾಧಾನ ಮಾಡಲು ಕೈ ಬಿಡುವಿರಲಿಲ್ಲ. ಆ ನಂತರ ಮನೆಯವರಿಗೆ ಮೊದಲೇ ಹೇಳಿಡುತ್ತೇನೆ: ಕಣ್ಣು ತಿರುಗುತ್ತದೆ, ಕೈಕಾಲು ಸ್ವಲ್ಪ ಆಡುತ್ತದೆ, ಹೆದರಬೇಡಿ.

ಅವರು ಹೊರಗೆ ಹೋದ ಮೇಲೆ ಕಾಯುತ್ತೇನೆ. ನಡುನಡುವೆ ಹೆಬ್ಬೆರಳಿನಿಂದ ಎರಡೂ ರೆಪ್ಪೆ ಮೆಲ್ಲಗೆ ಎತ್ತಿ ನೋಡುತ್ತೇನೆ, ಗುಡ್ಡೆ ಮುಟ್ಟುವುದಿಲ್ಲ. ಗುಡ್ಡೆ ನಡುವಿಗೆ ಬಂದರೂ ಕೂಡಲೇ ಚುಚ್ಚುವುದಿಲ್ಲ, ಇನ್ನೂ ಸ್ವಲ್ಪ ನಿಲ್ಲುತ್ತೇನೆ. ಸೂಜಿ ಕೂತ ಮೇಲೆ 8 ಪರ್ಸೆಂಟಿನಲ್ಲಿದ್ದ ಸೆವೊಫ್ಲೂರೇನನ್ನು ಇಳಿಸಲೇಬೇಕು. ಗುಡ್ಡೆ ನಡುವಿಗೆ ಬಂದಿದ್ದು ಹೊಸಿಲು ದಾಟಿದ ಗುರುತು ಮಾತ್ರ. ಅಲ್ಲಿಂದ ಎಷ್ಟು ಆಳಕ್ಕೆ ಹೋಗಿದೆ ಅಂತ ಕಣ್ಣು ಹೇಳುವುದಿಲ್ಲ. ಅದಕ್ಕೆ ನಾಡಿ, ಬಿಪಿ, ಉಸಿರು ನೋಡಬೇಕು. ಆಳ ಜಾಸ್ತಿಯಾದರೆ ಪಾಪೆ ಮತ್ತೆ ಹಿಗ್ಗುತ್ತದೆ, ಅಷ್ಟೊತ್ತಿಗೆ ಬಿಪಿ ಬಿದ್ದಿರುತ್ತದೆ.

ಎಲ್ಲ ಕಡೆ ಕಣ್ಣನ್ನು ನಂಬಲು ಆಗುವುದಿಲ್ಲ. ಕೆಟಮಿನ್ ಎಂಬ ಅರಿವಳಿಕೆ ಔಷಧ ಕೊಟ್ಟರೆ ಕಣ್ಣು ತೆರೆದೇ ಇರುತ್ತದೆ, ಗುಡ್ಡೆ ಅಲುಗುತ್ತಿರುತ್ತದೆ. ನೋವು ತಗ್ಗಿಸುವ ಫೆಂಟನಿಲ್ ಪಾಪೆಯನ್ನು ಕುಗ್ಗಿಸುತ್ತದೆ, ನಾಡಿ ಏರಿಸುವ ಅಟ್ರೊಪಿನ್ ಹಿಗ್ಗಿಸಬಹುದು. ಸ್ನಾಯು ಸಡಿಲಿಸುವ ಔಷಧ ಕೊಟ್ಟ ಮೇಲಂತೂ ಗುಡ್ಡೆ ಎಲ್ಲಿದೆ ಎಂಬುದಕ್ಕೆ ಅರ್ಥವೇ ಇಲ್ಲ.

ಏಳಿಸುವಾಗಲೂ ಅದೇ ದಾರಿಯಲ್ಲಿ ವಾಪಸ್ ಬರಬೇಕಲ್ವಾ? ಉಸಿರಿಗೆ ಗಂಟಲಿನಲ್ಲಿ ಹಾಕಿದ ಟ್ಯೂಬನ್ನು ಮಗು ಆಳದಲ್ಲಿದ್ದಾಗ ತೆಗೆಯಬಹುದು, ಇಲ್ಲವೇ ಪೂರ್ತಿ ಎಚ್ಚರವಾದ ಮೇಲೆ ತೆಗೆಯಬಹುದು. ಗುಡ್ಡೆಗಳು ಎರಡು ದಿಕ್ಕಿಗೆ ತೇಲುತ್ತಿದ್ದರೆ ನಾನು ಟ್ಯೂಬಿಗೆ ಅಂಟಿಸಿದ ಪ್ಲಾಸ್ಟರ್ ಕೂಡ ಬಿಚ್ಚುವುದಿಲ್ಲ. ಸರ್ಜನ್ ಕೇಳಿದರೆ, “ಇನ್ನೆರಡು ನಿಮಿಷ ಸರ್” ಅನ್ನುತ್ತೇನೆ.